ಮಿಂದ ಬಾತುಕೋಳಿ

ಚಳಿಗಾಲದ ಬೆಳಗು. ಕರಾವು ಮುಗಿಸಿದ ಹಾಲಿನವಳು ಕೆಮ್ಮುವ ಕರುವನ್ನು ಹಿಡಿದು ದನದ ಆಸ್ಪತ್ರೆಯ ಜಗಲಿಯಲ್ಲಿ ಕಾದಿದ್ದಳು. ಡಾಕ್ಟರ ಕೋಣೆಯಿಂದ ಮೀಸೆಯವನೊಬ್ಬ ಬಾತುಕೋಳಿಯನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಹೊರಬಂದ. ಹಿಂದೆಯೇ ಅವನ ನಾದಿನಿ.

"ಮಾನ ಹೋಯ್ತು ಭಾವ! ಬಾತುಕೋಳಿಗೆ ಸೋಪು ಹಚ್ಚಿ ಮೀಯಿಸೋರುಂಟಾ?"

"ಅತ್ತೆ ಊರಿಂದ ಬರೋ ಹೊತ್ಗೆ ಫಳಫಳ ಅನ್ಲಿ ಅಂತ ಕಣಮ್ಮ. ಎಷ್ಟು ಜಿಡ್ಡಿತ್ತು ಅಂತೀಯ!"

"ಆ ಜಿಡ್ಡೇ ಅದರ ರೇನ್‌ಕೋಟು. ಬಾಲದ ಬುಡದ ಎಣ್ಣೇನ ಕೊಕ್ಕಿಂದ ಮೈಗೆಲ್ಲ ಸವರ್ಕೊಳ್ಳುತ್ತೆ. ಡಾಕ್ಟರು ಹೇಳಿದ್ದು ಕೇಳ್ಸಿಲ್ವಾ?"

"ಅದಕ್ಕೇ ಕೆರೆಗೆ ಬಿಟ್ರೆ ಮುಳುಗ್ತು. ಈಜು ಬಾರದ ನಾನೇ ಹಾರ್ಬೇಕಾಯ್ತು!"

ಹಾಲಿನವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಎಣ್ಣೆ ಮತ್ತೆ ಹತ್ತೋವರೆಗೂ ನೀರಿಗೆ ಬಿಡೋ ಹಾಗಿಲ್ಲ. ಅಮ್ಮನಿಗೇನು ಹೇಳ್ತೀರಿ?"

"ಚಳಿ ಅಂತ ತೊಡೆ ಮೇಲಿಟ್ಟು ಸಾಕ್ದೆ ಅಂತೀನಿ. ಮದುವೆಯಾದಾಗಿಂದ ಇದೇ ಮೊದಲ ಸಲ ನನ್ನ ನಂಬಿ ಒಂದು ಜೀವ ಒಪ್ಪಿಸಿದ್ದಾರೆ. ನೀನು ಬಾಯಿ ಬಿಡ್ಬೇಡ, ನಿನ್ನ ದಮ್ಮಯ್ಯ."

"ನಾನು ಬಿಡಲ್ಲ. ಆದ್ರೆ ಬಾತು ಹೀಗೆ ಮಲ್ಲಿಗೆ ಸೋಪಿನ ಹಾಗೆ ಘಮ್ ಅಂತಿದೆಯಲ್ಲ, ಅದರ ಬಾಯಿ ಯಾರು ಮುಚ್ತಾರೆ?"

ಆತ ಬಾತನ್ನೊಮ್ಮೆ ಮೂಸಿ ನೋಡಿದ. ಬಸ್ಸಿಳಿಯುವ ಅತ್ತೆಯನ್ನು ಕರೆತರಲೆಂದು ಬಿರುಸಾಗಿ ಹೊರಟಿದ್ದ ಕಾಲು ಗೇಟಿನ ಹೊತ್ತಿಗೆ ನಿಧಾನವಾಯಿತು.