ಬಾಳೆ ದಿಂಡಿನಲ್ಲಿ ಬಂದ ಇರುವೆಗಳು

ಒಡಾಲಿಸ್ ಅಕ್ಕನನ್ನ ನೆನೆಯೋಕೆ ಸೇರಿರುವ ಎಲ್ಲರಿಗೂ ನಮಸ್ಕಾರ. ಎವೆಲಿಯೊ ಅಣ್ಣ, ನಿಮಗೂ ಮಕ್ಕಳಿಗೂ — ಏನು ಹೇಳಲಿ, ನಿಮ್ಮ ಕೈ ಹಿಡಿದುಕೊಂಡೇ ಮಾತಾಡ್ತಿದ್ದೀನಿ ಅಂದುಕೊಳ್ಳಿ. ನಮ್ಮ ಸಹಕಾರಿ ಸಂಘದಲ್ಲಿ ಒಡಾಲಿಸ್ ಅಕ್ಕನ ಜೊತೆ ಯುವ ರೈತರಿಗೆ ಪಾಠ ಮಾಡಿದವನು ಅಂತ ನನ್ನ ಹೆಸರು ಕರೆದರು. ಪಾಠ ಮಾಡಿದ್ದು ಅಕ್ಕ. ಈ ರೆನಿಯೆರ್ ಬಕೆಟ್ ಹಿಡಿದವನು, ಅಷ್ಟೇ.

ನಿಮಗೇ ಗೊತ್ತು — ಸೊಂಡಿಲು ಹುಳ ಹೊಕ್ಕ ಗೆಣಸನ್ನ ಹಂದಿಯೂ ಮೂಸಲ್ಲ. ಹವಾನಾದಿಂದ ಔಷಧಿ ಬರುತ್ತೆ, ಬರುತ್ತೆ ಅಂತ ನಾವು ದಾರಿ ಕಾಯ್ತಿದ್ದ ಕಾಲದಲ್ಲಿ, ಅಕ್ಕ ಹುಡುಗರನ್ನ ಬಾಳೆತೋಟಕ್ಕೆ ಕರ್ಕೊಂಡು ಹೋದರು. ಸೀಳಿದ ದಿಂಡಿಗೆ ಸಕ್ಕರೆ ನೀರು ಬಳಿಸಿ ಗಿಡದ ಬುಡದಲ್ಲಿ ಇಡಿಸಿದರು. ಇರುವೆಗಳು ಬಂದು ಒಳಗೆ ಸಂಸಾರ ಹೂಡಿದ ಮೇಲೆ, ದಿಂಡು ಸಮೇತ ಎತ್ತಿ ಗೆಣಸಿನ ಹೊಲಕ್ಕೆ! "ಆ ಹುಳದ ಮೊಟ್ಟೆ, ಮರಿ ಎಲ್ಲ ಇವುಗಳ ಊಟ ಕಣ್ರೋ. ಔಷಧಿ ಹೊಡೆದು ನಾವು ಮನೆಗೆ ಹೋಗ್ತೀವಿ. ಇವು ಅಲ್ಲೇ ಮನೆ ಮಾಡ್ಕೊಂಡು ಕಾಯ್ತವೆ" ಅಂದರು. ಎವೆಲಿಯೊ ಅಣ್ಣ, ಆಗ ನೀವು ಏನಂದಿರಿ — ನಗ್ತಿದ್ದೀರಿ, ನೆನಪಿದೆ — "ಲೋಕವೆಲ್ಲ ಇರುವೆ ಓಡಿಸಿದ್ರೆ, ಇರುವೆ ಕರೆಯೋ ಹೆಂಗಸನ್ನ ಕಟ್ಕೊಂಡೆನಲ್ಲಪ್ಪಾ!"

ಅಕ್ಕನ ನಿಯಮ ಎರಡು. ಬಿಸಿಲೇರೋ ಮುಂಚೆ ಸಾಗಿಸಬೇಕು. ಬಿಸಿಲು ತಾಗಿದರೆ ಇರುವೆ ದಿಂಡಲ್ಲಿ ನಿಲ್ಲೋದಿಲ್ಲ. ಹೊಲದಲ್ಲಿ ದಿಂಡು ಬಿಚ್ಚಿದ ಮೇಲೆ ಯಾರೂ ಅಲ್ಲಾಡಬಾರದು, ಮಾತೂ ಆಡಬಾರದು. ಯಾಮಿಲೆ — ಅಗೋ, ಕೊನೇ ಸಾಲಲ್ಲಿ ತಲೆ ಬಗ್ಗಿಸ್ಕೊಂಡಳು — ಹೊಸದಾಗಿ ಸೇರಿದಾಗ, ನಡು ಮಧ್ಯಾಹ್ನ, ಜನ ತುಂಬಿದ ಲಾರಿಯಲ್ಲಿ ಇರುವೆ ದಿಂಡಿನ ಕಂತೆ ಇಟ್ಕೊಂಡು ಬಂದಳು! ಲಾರಿ ಹೀಗೆ — ಹೀಗೆ ಕುಣೀತು. ಮಂಡಿನೋವಿನ ಅಜ್ಜಂದಿರೂ ಕೆಳಕ್ಕೆ ಹಾರಿದರು. ಹುಡುಗಿ ಅಳ್ತಾ, "ಅಕ್ಕ, ನಾನಿನ್ನು ಬರಲ್ಲ" ಅಂದಳು. ಅಕ್ಕ ಅವಳ ಕೊರಳಿಂದ ಒಂದು ಇರುವೆ ತೆಗೆದು, "ಬರದೆ ಏನ್ಮಾಡ್ತೀಯೆ? ಇವತ್ತು ಇಡೀ ಊರಿಗೆ ಪಾಠ ಮಾಡಿದೋಳು ನೀನು. ನಾಳೆ ಬೆಳಕು ಹರಿಯೋ ಮುಂಚೆ ಬಾ" ಅಂದರು. ಬಂದಳು. ಬರ್ತಾನೇ ಇದ್ದಾಳೆ.

ಈ ಸಲ ಗೆಣಸಿನ ಬಳ್ಳಿ ನಾಟಿ ಮಾಡಿಸಿ ಅಕ್ಕ ಆಸ್ಪತ್ರೆ ಸೇರಿದರು. ಇರುವೆ ಬಿಡೋ ಕಾಲ ಬಂತು. ನೋವು ಹೇಗಿದೆ ಅಂತ ಕೇಳಿದರೆ, "ಇರುವೆ ಹೊಲ ಸೇರಿದ್ವೇನೋ?" ಅಂತ ನನ್ನನ್ನೇ ಕೇಳೋರು. "ಇನ್ನೂ ಇಲ್ಲಕ್ಕ." ಇತ್ತ ಸಂಘದಲ್ಲಿ, "ಅವರೇ ಇಲ್ಲದ ಮೇಲೆ ಹುಡುಗರ ಕೈಲಾಗುತ್ತಾ? ಆ ಹೊಲ ಬೇರೆಯವರಿಗೆ ಕೊಡೋಣ" ಅನ್ನೋ ಮಾತು ನಡೀತು. ಆ ಸಭೆಯಲ್ಲಿ ನಾನೂ ಕೂತಿದ್ದೆ. ಅಕ್ಕ ತನಗೆ ಬೇಕಿದ್ದ ಉತ್ತರ ಸಿಗದೇನೇ ಹೋಗಿಬಿಟ್ಟರು.

ಇವತ್ತು ಬೆಳಿಗ್ಗೆ ಕಾಫಿಗೂ ಮುಂಚೆ ಹೊಲದ ಕಡೆ ಹೋದೆ. ಹುಡುಗರೆಲ್ಲ ಬದುವಿನ ಮೇಲೆ ನಿಂತಿದ್ದರು. ಯಾರೂ ಕರೆದಿರಲಿಲ್ಲ, ಯಾರೂ ಹೇಳಿರಲಿಲ್ಲ. ಸಾಲುಗಳ ನಡುವೆ ದಿಂಡು ಬಿಚ್ಚಿಟ್ಟಿದ್ದರು. ನಾನು ಬಾಯಿ ತೆರೆದೆ, ಯಾಮಿಲೆ ತುಟಿ ಮೇಲೆ ಬೆರಳಿಟ್ಟು — ಹೀಗೆ — "ಶ್! ಅಲ್ಲಾಡ್ಬೇಡಿ ಅಣ್ಣ. ಅವು ಮಣ್ಣು ಹುಡುಕ್ತಿವೆ" ಅಂದಳು. ಎಷ್ಟು ಸಂತೋಷ ಆಯ್ತೋ, ಅಷ್ಟೇ ಅಳುವೂ ಬಂತು. ಎವೆಲಿಯೊ ಅಣ್ಣ, ಅಕ್ಕನ ಬೆಳಗುಗಳನ್ನೆಲ್ಲ ನೀವು ನಮಗೆ ಬಿಟ್ಟುಕೊಟ್ಟಿರಿ. ಆ ಉಪಕಾರ ಈ ಊರು ಮರೆಯೋದಿಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಬದುವಿನ ಮೇಲೆ ಅಕ್ಕ ನಮ್ಮನ್ನ ನಿಲ್ಲಿಸ್ತಿದ್ದರಲ್ಲ — ಮಾತಿಲ್ಲದೆ, ಕಾಲು ಅಲ್ಲಾಡಿಸದೆ — ಹಾಗೇ ಸ್ವಲ್ಪ ಹೊತ್ತು ಮೌನವಾಗಿರೋಣ. ಅದಕ್ಕೂ ಮುಂಚೆ ನಾನು ಕೊಡಬೇಕಾದ ಒಂದು ಉತ್ತರ ಬಾಕಿ ಇದೆ.

ಅಕ್ಕಾ — ಇರುವೆ ಹೊಲ ಸೇರಿದವು.