ಇಮಾಮಬಿ ಕಾಕಿ ಅಗಸಿ ಹೊರಗ ಉಳಿದ ದಿನ

…ಅಲ್ಲ, ಅಗಸಿಗಿ ಬಾಗ್ಲ ಹಚ್ಚಬೇಕು ಅಂದಾವ್ರಾಗ ನಮ್ಮಪ್ಪನೂ ಒಬ್ಬ. ಅದನ್ನ ಮೊದ್ಲ ಹೇಳಿಬಿಡ್ತೇನಿ, ಆಮ್ಯಾಲ ನೀವು ಮಲ್ಕಪ್ಪಗ ಒಬ್ಬಗೇ ಬೈಕೋತ ಕೂಡಬ್ಯಾಡ್ರಿ. ನಮ್ದು ಖಜೂರಿ ಕಡಿ ಸಣ್ಣ ಹಳ್ಳಿ, ಊರ ಸುತ್ತ ಹಳೇ ಮಣ್ಣಿನ ಗ್ವಾಡಿ, ಊರೊಳಗ ಬರೂ ದಾರಿಗಿ ಕಲ್ಲಿನ ಅಗಸಿ. ಅದರ ಬಾಗ್ಲ ಗೆದ್ದಲ ಹಿಡದು ಯಾವಾಗೋ ಬಿದ್ದುಹೋಗಿತ್ತು, ಯಾರಿಗೂ ಬೇಕಾಗಿದ್ದಿಲ್ಲ. ನಡಕೋತ ಹೋದ್ರ ಆಚೆ ಸೀಮಿ, ಇಂಗ್ರೇಜರು ಆಳ್ತಿದ್ದ ಸೋಲಾಪುರ ಕಡಿ. ಅಲ್ಲಿ ಸ್ವಾತಂತ್ರ್ಯ ಬಂತಂತ ಝೆಂಡಾ ಏರಿಸಿ ಬೆಲ್ಲ ಹಂಚ್ಯಾರ ಅಂತ ಖಬರ್ ಬಂತು. ನಮ್ದು ಮೊಗಲಾಯಿ, ಹೈದರಾಬಾದ ಸರ್ಕಾರದ ಸೀಮಿ, ನಮ್ಗ ಬೆಲ್ಲಾ ಇಲ್ಲ ಬೇವೂ ಇಲ್ಲ. ಝೆಂಡಾದ ಮಾತು ತಗದ ಊರಿಗಿ ಬೆಂಕಿ ಬೀಳ್ತಿತ್ತು. ಬೆಂಕಿ ಹಚ್ಚಾವ್ರ ಹೆಸರು ನಾವು ಬಾಯಾಗ ತಗೀತಿದ್ದಿಲ್ಲ, ಬರೇ ‘ದಂಡು’ ಅಂತಿದ್ವಿ. ‘ದಂಡು ಬಂತು’ ಅಂದ್ರ ಸಾಕು, ಒಲಿ ಮ್ಯಾಲಿನ ರೊಟ್ಟಿ ಹಂಗೇ ಬಿಟ್ಟು ಜ್ವಾಳದ ಹೊಲದಾಗ ಓಡೋದು. ನಮ್ಮ ಬಾಜೂಕಿನ ಹಳ್ಳಿ ಸುಟ್ರು. ಅಲ್ಲಿಂದ ಒಬ್ಬ ಮುದುಕಿ ನಮ್ಮ ಊರಿಗಿ ನಡಕೋತ ಬಂದ್ಲು, ಕಂಕುಳಾಗ ಒಂದು ಕೋಳಿ ಅವಚಿಕೊಂಡು, ಕೋಳಿ ಸತ್ತು ಎಷ್ಟೊತ್ತಾಗಿತ್ತೋ ಏನೋ, ಅಕಿಗಿ ಗೊತ್ತಿದ್ದಿಲ್ಲ. ಅಕಿನ್ನ ನೋಡಿದ ಮ್ಯಾಲ ಊರಿಗೂರೇ ಒಂದ ಮಾತು, ಬಾಗ್ಲ ಹಚ್ಚಬೇಕು.

ನಮ್ಮಪ್ಪ ಬಡಿಗ, ಗೊತ್ತದ ಅಲ್ಲ ನಿಮ್ಗ? ಬೇವಿನ ದಪ್ಪ ಹಲಗಿ, ಜಾಲಿ ಕಟಗಿ ಅಗಳಿ, ಕಂಬಾರ ಮಾಡಿಕೊಟ್ಟ ಮೊಳಿ, ಊರ ಗಂಡಸ್ರೆಲ್ಲಾ ಹೆಗಲು ಕೊಟ್ಟು ಎತ್ತಿ ನಿಲ್ಲಿಸಿದ್ರು. ಅವತ್ತು ಹೆಣ್ಣುಮಕ್ಕಳು ಬಾಗ್ಲಕ್ಕ ಕುಂಕುಮಾ ಹಚ್ಚಿ ಕಾಯಿ ಒಡದ್ರು. ಇಮಾಮಬಿ ಕಾಕೀನೂ ಬಂದಿದ್ಲು. ಅಕಿ ಯಾರಂದ್ರ ನಮ್ಮೂರ ಸೂಲಗಿತ್ತಿ. ಅಕಿ ಗಂಡ ಮೌಲಾಸಾಬ ಹತ್ತಿ ಅರಳಿ ಹಿಂಜಿ ಗಾದಿ ತುಂಬಾಂವ. ನಾ ಹುಟ್ಟಿದ್ದು ಅಕಿ ಕೈಯಾಗ, ಮಲ್ಕಪ್ಪ ಹುಟ್ಟಿದ್ದೂ ಅಕಿ ಕೈಯಾಗ. ಮಲ್ಕಪ್ಪ ಅಂದ್ರ ನಮ್ಮಪ್ಪನ ಅಕ್ಕನ ಮಗ, ಪೈಲ್ವಾನ, ಆಳು ಗಟ್ಟಿ, ಧೈರ್ಯದಾಂವ. ಊರಾಗ ಇದ್ದದ್ದೊಂದು ಬಂದೂಕು ಅವನ ಕೈಯಾಗ ಕೊಟ್ರು, ಅಗಸಿ ಬಂದೋಬಸ್ತ ಅವನ ಮ್ಯಾಲ ಹಾಕಿದ್ರು. ಅಂವ ಖರೇನ ಛಲೋ ಕಾದ, ಸುಳ್ಳ್ಯಾಕ ಹೇಳ್ಲಿ. ಎಷ್ಟು ದಿನ ಆಗಿತ್ತು ನಾವು ಕಣ್ಣು ತುಂಬ ನಿದ್ದಿ ಮಾಡಿ.

ಆಮ್ಯಾಲ ಮಲ್ಕಪ್ಪನ ಒಂದೊಂದ ಹುಕುಂ. ಭಾವಿ ಅಗಸಿ ಹೊರಗ ಇತ್ತು, ‘ಹೆಣ್ಣುಮಕ್ಕಳು ಬೇಕಾದಾಗ ಹೋಗಂಗಿಲ್ಲ, ದಿನಕ್ಕ ಒಂದ ಸಲ, ಎಲ್ರೂ ಕೂಡೇ.’ ಆತು ಅಂದ್ವಿ. ‘ಬೀಗರು ಬಂದ್ರ ಒಳಗ ಬಿಡಂಗಿಲ್ಲ.’ ಆತು ಅಂದ್ವಿ. ‘ಕಾವಲ ಹುಡುಗುರಿಗಿ ಮನಿಗೊಂದು ರೊಟ್ಟಿ ಬುಟ್ಟಿ.’ ಅದೂ ಆತು. ಬೀಸೂ ಮುಂದ ಹಾಡಬ್ಯಾಡ್ರಿ, ದೂರ ಕೇಳ್ತದ ಅಂದ. ನಿಮ್ಗ ನಗಿ ಬರ್ತದ, ನಮ್ಗ ಬರ್ತಿದ್ದಿಲ್ಲ. ಒಂದಿನ ತಳವಾರ ಯಲ್ಲಪ್ಪ ಚಾವಡ್ಯಾಗ, ‘ಇದೇನ್ರಪಾ, ದಂಡಿನವ್ರು ಬಂದ್ರ ಹಿಂಗೇ ಹುಕುಂ ಮಾಡ್ತಿದ್ರಲ್ಲ’ ಅಂದುಬಿಟ್ಟ. ಅವನ್ನ ಕಂಬಕ್ಕ ಕಟ್ಟಿ ಬಾರಕೋಲಿನಿಂದ ಹೊಡದ್ರು. ಎಲ್ರೂ ನೋಡಿದ್ವಿ. ಯಾರೂ ಬಿಡಸ್ಲಿಲ್ಲ. ಹೆದರಿಕಿ ಇತ್ತು ಖರೇ, ಆದ್ರ ಬರೇ ಮಲ್ಕಪ್ಪನ ಹೆದರಿಕಿ ಅಲ್ಲ ಅದು, ಇಂವ ಹೇಳೂದೂ ಖರೇ ಇದ್ದೀತು, ಕಾವಲ ಸಡ್ಲ ಆದ್ರ ನಮ್ಮ ಮಕ್ಕಳ ಗತಿ ಏನು ಅಂತ, ಹಂಗ.

ಅದಾದ ಮ್ಯಾಲ ಮೌಲಾಸಾಬನ ಪಾಳಿ. ಅಂವ ಗಾದಿ ತುಂಬಾಕ ಊರೂರು ತಿರಗಾಂವ, ‘ಊರಿನ ಖಬರ್ ದಂಡಿಗಿ ಕೊಡ್ತಾನ’ ಅಂತ ಯಾರೋ ಎಬ್ಬಿಸಿದ್ರು. ದಂಡಿನಾಗ ಇದ್ದಾವ್ರು ಭಾಳ ಮಂದಿ ಮುಸಲ್ಮಾನರು, ಇವನೂ ಮುಸಲ್ಮಾನ, ಅಷ್ಟೇ ಸಾಕ್ಷಿ. ಗಂಡ ಹೆಂಡ್ತಿ ಇಬ್ರನ್ನೂ ಅಗಸಿ ಹೊರಗ ಹಾಕಿದ್ರು. ಹಳ್ಳದ ದಂಡ್ಯಾಗ ಗುಡಸ್ಲ ಹಾಕ್ಕೊಂಡ್ರು. ಇಮಾಮಬಿ ಕಾಕಿ ಹೋಗೂ ಮುಂದ ನಮ್ಮ ಮನಿ ಮುಂದ ನಿಂತು ಅಂದ್ಲು, ‘ನೀಲಿಗಿ ದಿನಾ ತುಂಬ್ಯಾವ, ಬ್ಯಾನಿ ಬಂದ್ಕೂಡ್ಲೇ ನನ್ಗ ಕರಿರ್ಯವ್ವಾ, ಕೂಸು ಅಡ್ಡ ಅದ ಅನಸ್ತದ.’ ನೀಲಿ ಅಂದ್ರ ನಮ್ಮಕ್ಕ, ನೀಲಮ್ಮ. ಆಚೆ ಸೀಮಿಗಿ ಕೊಟ್ಟಿತ್ತು, ಚೊಚ್ಚಲ ಬಾಣಂತನಕ್ಕ ಬಂದಿದ್ಲು. ನಮ್ಮವ್ವ ಮಲ್ಕಪ್ಪನ ಹತ್ರ ಹೋದ್ಲು. ‘ಕರಸ್ಕೋರಿ ಅತ್ತಿ, ಹೆರಿಗಿಗಿ ಯಾರ ಬ್ಯಾಡಂತಾರ, ನಾನೇ ಬಾಗ್ಲ ತಗೀತೇನಿ’ ಅಂದ. ಅಂದಿದ್ದ ಅಂವ, ಹಂಗ ಅಂದಿದ್ದ.

ಬ್ಯಾನಿ ಮುಂಜಾನಿ ಸುರು ಆತು. ಬಿಸಿಲು ಏರಿತ್ತು. ನಾ ಅಗಸಿಗಿ ಓಡಿದೆ, ಅಷ್ಟರಾಗೇ ಅಗಸಿ ಬಾಜೂಕಿನ ಎತ್ತರದ ಹುಡೇವಿನ ಮ್ಯಾಲಿದ್ದ ಕಾವಲ ಹುಡುಗ ಬಾಯಿ ಮಾಡಿದ, ‘ಧೂಳ ಏಳಾಕತ್ತದ! ಹಿಪ್ಪರಗಾ ದಾರಿ ಕಡಿಂದ! ದಂಡು ಬಂತು!’ ದಡದಡ ಬಾಗ್ಲ ಹಾಕಿ ಅಗಳಿ ಸೇರಿಸಿಬಿಟ್ರು. ಆಗ ಊರು ಹೆಂಗಾಗಿತ್ತಂತೀರಿ, ಕೂಸುಗಳ ಬಾಯಿಗಿ ಸೆರಗು ಒತ್ತಿಹಿಡದಿದ್ರು. ನಾ ಮಲ್ಕಪ್ಪನ ಕಾಲಿಗಿ ಬಿದ್ದೆ. ‘ಮಾವಾ, ಕಾಕಿನ್ನ ಒಳಗ ಬಿಡೋ, ಅಕ್ಕ ಒದ್ಯಾಡಾಕತ್ತಾಳ.’ ‘ಸರಿ ಬೇ ಆಕಡಿ. ಈಗ ತಗದ್ರ ಊರೇ ಹೋಗ್ತದ.’ ಅಷ್ಟೊತ್ತಿಗಿ ಇಮಾಮಬಿ ಕಾಕಿ ತಾನೇ ಬಂದು ಹೊರಗಿಂದ ಬಾಗ್ಲ ಬಡ್ಯಾಕತ್ತಿದ್ಲು. ಅಕಿಗಿ ಯಾರು ಹೇಳಿದ್ರೋ ಇಲ್ಲೋ, ಬಾಗ್ಲ ಹಾಕಿದ್ದು ನೋಡಿ ದಂಡಿನ ಹೆದರಿಕಿಗಿ ಬಂದಿದ್ಲೋ, ನನ್ನ ದನಿ ಕೇಳಿ ಬಂದಿದ್ಲೋ, ಇವತ್ತಿಗೂ ನನ್ಗ ಗೊತ್ತಿಲ್ಲ. ಹಲಗಿ ಆಕಡಿಂದಲೇ ನನ್ನ ಕರದ್ಲು, ‘ಶರಣಿ, ಅಳಬ್ಯಾಡ, ನಾ ಕೇಳಿದ್ದು ಹೇಳು. ನೀರು ಹೋಗ್ಯಾವೇನು? ಏನು ಕಾಣಾಕತ್ತದ, ತಲಿಯೋ ಕಾಲೋ?’ ನಾ ಮನಿಗಿ ಓಡಿದೆ, ನೋಡಿದೆ, ಹೊಳ್ಳಿ ಓಡಿ ಬಂದು ಹಲಗಿ ಸಂದಿಗಿ ಬಾಯಿ ಇಟ್ಟೆ. ‘ಕಾಲು ಕಾಕಿ, ಒಂದ ಕಾಲು.’ ಕಾಕೀನೂ ಸಂದಿಗಿ ಬಾಯಿ ತಂದು ಅಂದ್ಲು, ‘ಎಳೀಬ್ಯಾಡ್ರಿ ಅಂತ ನಿಮ್ಮವ್ವಗ ಹೇಳು. ಮೊಣಕಾಲ ಮ್ಯಾಲ ಕೂಡಸ್ರಿ, ಹಿಂದಿಂದ ಯಾರರೇ ಹಿಡೀರಿ. ಓಡು.’ ನಾ ಓಡೂದು, ಹೇಳೂದು, ನೋಡೂದು, ಬರೂದು. ಹಿಂಗ ಎಷ್ಟು ಸಲವೋ, ಕಾಲಾಗ ಮುಳ್ಳು ಮುರದದ್ದೂ ಗೊತ್ತಾಗಿದ್ದಿಲ್ಲ.

ನಮ್ಮಪ್ಪ ಕೊಡ್ಲಿ ಹಿಡಕೊಂಡು ಬಂದ. ತಾನೇ ಮಾಡಿದ ಬಾಗ್ಲಕ್ಕ ಕೊಡ್ಲಿ ಎತ್ತಿದ. ಮಲ್ಕಪ್ಪ ಬಂದೂಕು ಅವನ ಎದಿಗಿ ಇಟ್ಟ, ಇಟ್ಟು ತಾನೇ ಅಳಾಕತ್ತಿದ್ದ. ‘ಮಾಮಾ, ಬ್ಯಾಡ. ನಿನ್ಗ ಕೈ ಮುಗೀತೇನಿ, ಬ್ಯಾಡ.’ ಮಲ್ಕಪ್ಪ ಹೊಡೀತಿದ್ದಿಲ್ಲ ಅಂತೇನಿ ನಾ. ನಮ್ಮಪ್ಪನ್ನ ತಡದಾವ್ರು ಬ್ಯಾರೇ, ನಮ್ಮ ಓಣಿ ಮಂದಿನೇ. ನಮ್ಮವ್ವನ ಕೂಡ ದಿನಾ ಶೇಂಗಾ ಸುಲ್ಯಾಕ ಕೂಡ್ತಿದ್ದ ಭಾಗಮ್ಮ ಅವನ ಕೈಗಿ ಜೋತುಬಿದ್ಲು. ‘ನಿನ್ನ ಒಬ್ಬ ಮಗಳ ಸಲುವಾಗಿ ನನ್ನ ಮಕ್ಕಳನ್ನ ಕೊಲ್ಲಸ್ತೇನೋ ಅಣ್ಣಾ?’ ನಮ್ಮಪ್ಪ ಕೊಡ್ಲಿ ಬಾಗ್ಲಕ್ಕ ಒರಗಿಸಿ ಮನಿ ಕಡಿ ನಡದ.

ಕೂಸು ಹುಟ್ತು, ಅಳ್ಲಿಲ್ಲ. ನಾ ಕಡೀ ಸಲ ಓಡಿ ಬಂದು ‘ಕಾಕಿ, ರಕ್ತ ನಿಲ್ಲವಲ್ದು’ ಅಂದೆ. ‘ಹೊಟ್ಟಿ ತಿಕ್ಕ್ರಿ, ಗಟ್ಟಿ ಆಗೂತನಕ ತಿಕ್ಕ್ರಿ’ ಅಂದ್ಲು, ಅಂದಾಕಿ ಒಮ್ಮಿಂದೊಮ್ಮಿಲೆ ಬಾಗ್ಲಕ್ಕ ಹಣಿ ಚಚ್ಚಿಕೊಳ್ಳಾಕತ್ಲು. ‘ತಗೀರ್ಯೋ, ನಿಮ್ಮನ್ನೆಲ್ಲಾ ಈ ಕೈಲೇ ಎತ್ತೇನಿ, ಒಬ್ಬಾಕಿ ಸಲುವಾಗಿ ತಗೀರ್ಯೋ.’

ಧೂಳು ಹತ್ರ ಬಂತು. ದಂಡಲ್ಲ ಅದು, ಎಮ್ಮಿ ದನಾ ಹೊಡಕೊಂಡು, ಚಕ್ಕಡ್ಯಾಗ ಮುದುಕ್ರನ್ನ ಹಾಕ್ಕೊಂಡು ಆಚೆ ಸೀಮಿಗಿ ಗುಳೆ ಹೊಂಟ ಮಂದಿ. ನಮ್ಮ ಅಗಸಿ ಹಾಕಿದ್ದು ನೋಡಿ ಅವ್ರು ನೀರೂ ಕೇಳದೇ ಮುಂದ ಹೋದ್ರು. ಬಾಗ್ಲ ತಗದ್ರು. ಅಷ್ಟೊತ್ತಿಗಿ ಅಕ್ಕ ಹೋಗಿಬಿಟ್ಟಿದ್ಲು. ಕಾಕಿ ಒಳಗ ಬಂದು ಅಕ್ಕನ ಮೈ ತೊಳದ್ಲು, ಕೂಸನ್ನೂ ತೊಳದು ಅಕ್ಕನ ಬಾಜೂ ಮಲಗಿಸಿದ್ಲು. ಮಲ್ಕಪ್ಪ ಹೊಸ್ತಿಲದಾಗ ನಿಂತು ಒಂದ ಮಾತು ಕೇಳಿದ, ‘ಅದು ದಂಡೇ ಆಗಿದ್ರ?’ ಕಾಕಿ ಅವನ ಕಡಿ ಹೊಳ್ಳಿ ನೋಡದೇ ಅಕ್ಕನ ಸೆರಗು ಸರಿ ಮಾಡಿದ್ಲು. ಇಷ್ಟು ವರ್ಷ ಆತು, ನಾ ಇನ್ನೂ ಅದನ್ನೇ ಕೇಳಿಕೋತೇನಿ.

ದಂಡು ಖರೇನ ಬಂತು, ಮಳಿಗಾಲದಾಗ. ಹಿಂದ ಗ್ವಾಡಿ ಮಳಿಗಿ ಕುಸದಿತ್ತು, ಅಲ್ಲಿಂದ ಬಂದ್ರು. ಭಾಗಮ್ಮನ ದೊಡ್ಡ ಮಗನ್ನ ಹೊಡದು ಹಾಕಿದ್ರು, ಬಣವಿ ಸುಟ್ರು, ಹೋದ್ರು. ಅಗಸಿ ಬಾಗ್ಲ ಗಟ್ಟಿ ಹಾಕಿತ್ತು, ಓಡಿ ಹೋಗಾಕ ನಮ್ಗೇ ದಾರಿ ಇದ್ದಿಲ್ಲ.

ಆಮ್ಯಾಲ ಸೋಲಾಪುರ ಕಡಿಂದ ಸೈನ್ಯ ಬಂತು, ನಮ್ಗೂ ಸ್ವಾತಂತ್ರ್ಯ ಬಂತು ಅಂದ್ರು, ಮಂದಿ ಕುಣದ್ರು. ಕುಣದು ಮುಗಿಸಿ ಅದೇ ಕಾವಲ ಹುಡುಗುರು ಹಳ್ಳದ ದಂಡಿಗಿ ಹೋದ್ರು. ಮೌಲಾಸಾಬನ್ನ ಕೊಂದ್ರು, ಗುಡಸ್ಲಕ್ಕ ಬೆಂಕಿ ಹಚ್ಚಿದ್ರು. ಮಲ್ಕಪ್ಪ ಹೋಗಿದ್ದನೋ ಇಲ್ಲೋ, ಬ್ಯಾಡ ಅಂತರೇ ಅನ್ಲಿಲ್ಲ. ನಮ್ಮಪ್ಪ ಓಡಿ ಹೋಗಿ ಕಾಕಿನ್ನ ‘ಮನಿಗಿ ಬಾರವ್ವಾ ತಂಗಿ’ ಅಂದ. ಅಕಿ ಬರ್ಲಿಲ್ಲ. ಜೇವರ್ಗಿ ಕಡಿ ತನ್ನ ಅಕ್ಕ ಇದ್ದಾಳ ಅಂತ ಹೇಳಿ ಉಟ್ಟ ಸೀರಿ ಮ್ಯಾಲ ಹೋದ್ಲು. ಆ ಗದ್ದಲ ಹಂಗಾಮ ಮುಗದ ಮ್ಯಾಲ ನಮ್ಮಪ್ಪ ಅಫಜಲಪುರದ ಮ್ಯಾಲಿಂದ ಜೇವರ್ಗಿತನಕ ಕೇಳಿಕೋತ ಹೋದ, ಅತನೂರ ಸಂತ್ಯಾಗ ಯಾರೋ ನೋಡ್ಯಾರಂದ್ರು, ಅಷ್ಟೇ. ಸಿಗ್ಲಿಲ್ಲ. ಊರಾಗ ಮುಂದ ಎಷ್ಟು ಬಾಣಂತೇರು ಸತ್ರು.

ಹೊರಗಿನ ಹೆದರಿಕಿ ಹೋತಲ್ಲ, ಕಾವಲ ಹೋಗ್ಲಿಲ್ಲ ನೋಡ್ರಿ. ರೊಟ್ಟಿ ಬುಟ್ಟಿ ನಿಲ್ಲಲಿಲ್ಲ, ಯಲ್ಲಪ್ಪ ತಲಿ ಎತ್ತಿ ಮಾತಾಡ್ಲಿಲ್ಲ, ಸಾಯೂತನಕ. ಹೆದರಿಕಿ ಬಂದಾಗ ಬಾಗ್ಲ ಹಾಕಬ್ಯಾಡ್ರಿ ಅನ್ನಂಗಿಲ್ಲ ನಾ, ಹಾಕ್ರಿ. ಹಾಕೂ ದಿನಾನೇ ಕೇಳ್ರಿ, ಯಾರು ಬಂದ್ರ ತಗೀತೀರಿ, ಯಾವಾಗ ತಗೀತೀರಿ ಅಂತ. ಆಮ್ಯಾಲ ಕೇಳಿದ್ರ ಯಾರೂ ಹೇಳಂಗಿಲ್ಲ. ಏಳ್ರಿ ಈಗ, ಸಾರು ಆರಾಕತ್ತದ.