ಬೆಲ್ಟು ಇನ್ನೂ ಹಾಕಿರಲಿಲ್ಲ

ಹಲೋ... ಹಾಂ, ಹಲೋ, ಯಾರು ಮಾತಾಡ್ತಿರೋದು? ಸ್ವಲ್ಪ ಜೋರಾಗಿ ಹೇಳಿ, ಸರಿಯಾಗಿ ಕೇಳಿಸ್ತಿಲ್ಲ.

... ಹೌದು, ಗ್ಯಾರೇಜೇ. ಮೆಕ್ಯಾನಿಕ್ ನಂಬರೇ ಇದು. ನಾನು ಅವರ ಹೆಂಡತಿ. ತಾವು ಯಾರು ಅಂತ... ತಡೀರಿ, ಇಲ್ಲೇ ಬರ್ತಿದೆ, "ನೀಲಿ ಕಾರು ಮೇಷ್ಟ್ರು". ಅಯ್ಯೋ, ಮೇಷ್ಟ್ರೇ, ನೀವಾ? ಇವರು ಯಾರ ಹೆಸರನ್ನೂ ಹಾಕ್ಕೊಳ್ಳೋರಲ್ಲ ನೋಡಿ, ಎಲ್ಲಾ ಕಾರಿನ ಮೇಲೇ. "ಹಳೇ ಬಿಳಿ ಡಾಕ್ಟ್ರು", "ಹೊಗೆ ಜೀಪು", "ಬಾಗಿಲು ಬಡಿಯೋ ಅಂಗಡಿಯವರು". ನನ್ನನ್ನ "ಮನೆ" ಅಂತ ಹಾಕ್ಕೊಂಡಿದಾರೆ.

... ಇಲ್ಲ. ಅವರಿಲ್ಲ, ಮೇಷ್ಟ್ರೇ.

... ಹೊರಗಡೆ ಹೋಗಿಲ್ಲ. ಹೇಗೆ ಹೇಳ್ಲಿ ನಿಮಗೆ? ಹೋಗಿಬಿಟ್ರು... ಹಾಂ. ತೀರಿಕೊಂಡ್ರು. ಹೋದ ತಿಂಗಳ ಕೊನೇಲಿ.

... ನಿಮಗ್ಯಾರೂ ಹೇಳ್ಲಿಲ್ವಾ? ಓ... ನಿಮ್ಮನೆ ಅಮ್ಮಾವ್ರ ಜೊತೆ ಆಸ್ಪತ್ರೇಲೇ ಇದ್ರಾ? ಹಾಗಾದ್ರೆ ಹೇಗೆ ಗೊತ್ತಾಗಬೇಕು ಬಿಡಿ.

... ಹೌದಾ, ಮಾಡಿದ್ರಾ? ನಾನೇ ಎತ್ತಿಲ್ಲ, ಮೇಷ್ಟ್ರೇ. ಫೋನು ಹೊಡ್ಕೊಂಡಾಗೆಲ್ಲ ಕೈ ಒರೆಸ್ಕೊಂಡು ಇವರೇ ಬಂದು ಎತ್ತುತಾರೇನೋ ಅನ್ನೋ ಹಾಗೆ ನೋಡ್ತಾ ಕೂತಿರ್ತೀನಿ. ಹುಚ್ಚು. ಇವತ್ತು ಯಾಕೋ ಎತ್ತಿದೆ.

... ಏನಂತ ಹೇಳ್ಲಿ? ಶೆಡ್ಡಲ್ಲೇ, ನಿಮ್ಮ ಕಾರಿನ ಮುಂದೇನೇ. ಮಧ್ಯಾಹ್ನ ಊಟಕ್ಕೆ ಕರೆಯೋಣ ಅಂತ ಹೋದೆ. ಮಡ್ಗಾರ್ಡಿಗೆ ಒರಗಿ, ತಲೆ ಎಂಜಿನ್ ಕಡೆ ಬಗ್ಗಿಸಿ ನಿಂತಿದ್ರು. "ಏನ್ರೀ, ಕಾರಿನ ಕಿವೀಲಿ ಗುಟ್ಟು ಹೇಳ್ತಿದ್ದೀರಾ, ಊಟ ಆರಿ ಹೋಗುತ್ತೆ" ಅಂದೆ. ಯಾವಾಗ್ಲೂ ತಿರುಗಿ ಒಂದು ಮಾತು ವಾಪಸ್ ಕೊಡೋ ಮನುಷ್ಯ. ತಿರುಗಲೇ ಇಲ್ಲ.

... ಛೆ ಛೆ, ಹಾಗನ್ನಬೇಡಿ. ನೀವು ಅವಸರ ಮಾಡಿದ್ದಕ್ಕೆ ಅಂತ ಯಾರು ಹೇಳಿದ್ರು? ಇಷ್ಟು ವರ್ಷ ಸಂಸಾರ ಮಾಡಿ ನನ್ನ ಕೈಲೇ ಅವರನ್ನ ಅವಸರ ಮಾಡ್ಸೋಕೆ ಆಗಿಲ್ಲ, ನಿಮ್ಮ ಕೈಲಿ ಆಗುತ್ತಾ? ಅಳಬೇಡಿ, ಮೇಷ್ಟ್ರೇ. ನೀವು ಅತ್ರೆ ನಾನು ಯಾರ ಹತ್ರ ಅಳ್ಲಿ?

... ಹಾಂ, ಕಾರಾ? ಇದೆ. ಹಾಗೇ ಇದೆ.

... ಎಲ್ಲಾ ಮುಗಿದಿತ್ತು. ಅವತ್ತು ರಸ್ತೆ ಮಧ್ಯೆ ಟಪ್ ಅಂತ ನಿಂತುಹೋಯ್ತು ಅಂದ್ರಲ್ಲ, ಟೈಮಿಂಗ್ ಬೆಲ್ಟು, ಅದೇ ಎಂಜಿನ್ನಿನ ಮೇಲಿನ ಚಕ್ರ ಕೆಳಗಿನ ಚಕ್ರ ಎರಡನ್ನೂ ಜೊತೆಗೆ ತಿರುಗಿಸೋ ಹಲ್ಲಿನ ಬೆಲ್ಟು, ಅದು ಹರಿದು ವಾಲ್ವೆಲ್ಲಾ ಬಗ್ಗಿ ಹೋಗಿತ್ತು. ಅದನ್ನೆಲ್ಲ ಬದಲಾಯಿಸಿ, ಹೆಡ್ಡು ಕೂರಿಸಿ, ಹೊಸ ಬೆಲ್ಟೂ ಹಾಕಿದಾರೆ. ಇನ್ನು ತಿರುಗಿಸಿ ನೋಡೋದೊಂದು ಬಾಕಿ. ಬೆಲ್ಟು ಹಾಕಿದ ತಕ್ಷಣ ಕೀ ಮುಟ್ಟೋ ಹಾಗಿಲ್ಲ ಇವರ ಹತ್ರ. ಕೆಳಗಿನ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು, ಕೈಯಲ್ಲೇ ಎಂಜಿನ್ನು ಎರಡು ಸುತ್ತು ತಿರುಗಿಸಿ, ಆ ಚಕ್ರಗಳ ಗುರುತು ಸರಿಯಾಗಿ ಎದುರುಬದುರು ಬಂದ ಮೇಲೇನೇ ಕೀ. ಆ ಸ್ಪ್ಯಾನರ್ ಇನ್ನೂ ಬೋಲ್ಟಲ್ಲೇ ಇದೆ, ಮೇಷ್ಟ್ರೇ. ಅವರ ಕೈ ಎಲ್ಲಿ ಬಿಡ್ತೋ ಅಲ್ಲೇ.

... ಯಾರನ್ನೂ ಮುಟ್ಟೋಕೆ ಬಿಟ್ಟಿಲ್ಲ. ನಮ್ಮ ಮೈದುನ ಬಂದಿದ್ದ, "ಅತ್ತಿಗೆ, ಶೆಡ್ ಖಾಲಿ ಮಾಡಿ ತೊಳೆದುಬಿಡೋಣ" ಅಂತ ಪೈಪು ಬೇರೆ ಹಿಡ್ಕೊಂಡು. ಬಾಗಿಲಿಗೆ ಅಡ್ಡ ನಿಂತು ಎಷ್ಟು ಬೈದೆ ಅಂದ್ರೆ, ಪಾಪ, ಪೈಪು ಇಲ್ಲೇ ಬಿಟ್ಟು ಓಡಿದ.

... ಯಾರು? ಯಾರನ್ನ ಕರ್ಕೊಂಡು ಬರ್ತೀರಿ?... ಗುಂಗುರನ್ನಾ? ಅಡ್ಡರಸ್ತೆ ಗ್ಯಾರೇಜಿನ ಗುಂಗುರು ಕೂದಲಿನವನನ್ನಾ?

... ಇಲ್ಲ, ಮೇಷ್ಟ್ರೇ. ಕಾರು ಕೊಡಲ್ಲ. ಕಟ್ಟಿ ಎಳ್ಕೊಂಡು ಹೋಗೋದೂ ಬೇಡ, ಇಲ್ಲಿಗೆ ಬಂದು ನೋಡೋದೂ ಬೇಡ. ನಿಮ್ಮ ಕಾರು ಅಂತ ನನಗೂ ಗೊತ್ತು, ಆದ್ರೂ ಕೊಡಲ್ಲ. ಪೊಲೀಸರನ್ನ ಕರೀತೀರಾ, ಕರೀರಿ.

... ನೀವು ಜೋರು ಮಾಡ್ಲಿಲ್ಲ, ನಾನೇ ಮಾಡಿದ್ದು, ಗೊತ್ತು. ಆದ್ರೆ ಆ ಗುಂಗುರು ಎಂಥವನು ಅಂತ ನಿಮಗೆ ಗೊತ್ತಿಲ್ಲ. ಬೇರೆಯವರ ಕೆಲಸ ನೋಡಿ ನಗೋದೇ ಅವನ ಅರ್ಧ ಕೆಲಸ. ಫೋನಲ್ಲಿ ಫೋಟೋ ಹಿಡ್ಕೊಂಡು ಟೀ ಅಂಗಡೀಲಿ ತೋರಿಸ್ತಾನೆ, "ಇದನ್ಯಾವ ಮಹಾನುಭಾವ ಬಿಗಿದಿದ್ದು" ಅಂತ. ಇವರ ಕೆಲಸದಲ್ಲಿ ಮಾತ್ರ ಒಂದು ದಿನಾನೂ ಅವನಿಗೆ ಹಲ್ಲು ಕಿಸಿಯೋಕೆ ಏನೂ ಸಿಕ್ಕಿಲ್ಲ.

... ಹಾಂ, ಹೇಳಿ, ಕೇಳ್ತಿದೀನಿ.

... ಅಮ್ಮಾವ್ರನ್ನ ವಾರಕ್ಕೆ ಮೂರು ಸಲಾನಾ? ರಕ್ತ ಶುದ್ಧಿ ಮಾಡ್ಸೋಕೆ... ಆಟೋದಲ್ಲಾ? ಅಷ್ಟು ದೂರ?

... ವಾಪಸ್ ಬರೋವಾಗ ಕೂರೋಕೇ ಆಗಲ್ವಾ? ಮಲಗಿಸ್ಕೊಂಡು ಬರ್ತಿದ್ರಾ ಮೊದಲು, ಹಿಂದಿನ ಸೀಟಲ್ಲಿ... ಅಯ್ಯೋ ದೇವರೇ. ಅದನ್ನ ಮೊದಲೇ ಹೇಳಬಾರದಾ ನೀವು? ನಾನೊಬ್ಬಳು, ಕಬ್ಬಿಣಕ್ಕೆ ಕಾವಲು ಕೂತಿದೀನಿ. ಅಲ್ಲಿ ಜೀವ ಇರೋರು ಆಟೋದಲ್ಲಿ ಎತ್ತಿ ಹಾಕಿಸ್ಕೊಂಡು ಓಡಾಡ್ತಿದಾರೆ.

... ಇಲ್ಲ, ಕ್ಷಮೆ ಗಿಮೆ ಏನೂ ಬೇಡ. ತಗೊಂಡು ಹೋಗಿ. ನಾಳೆ ಬೆಳಗ್ಗೆನೇ ಅವನನ್ನ ಕರ್ಕೊಂಡು ಬನ್ನಿ. ಆದ್ರೆ ಒಂದು ಮಾತು. ಆ ಸ್ಪ್ಯಾನರಿಗೆ ಅವನು ಕೈ ಹಾಕೋ ಹಾಗಿಲ್ಲ. ಅದನ್ನ ಯಾರಾದ್ರೂ ತೆಗೀಲೇಬೇಕು ಅಂದ್ರೆ ನಾನೇ ತೆಗೀತೀನಿ. ಈಗಲೇ. ನೀವು ಲೈನಲ್ಲಿರಿ. ಒಬ್ಬಳೇ ಒಳಗೆ ಹೋಗೋಕೆ ಆಗ್ತಿಲ್ಲ ನನಗೆ, ಯಾರಾದ್ರೂ ಮಾತಾಡ್ತಾ ಇದ್ರೆ ಹೋಗ್ತೀನಿ.

... ಹಾಂ, ಬೀಗ ತೆಗ್ದೆ. ಇದೀರಾ?... ಧೂಳು ಕೂತಿದೆ, ಅಷ್ಟೇ. ಅವರ ಚಪ್ಪಲಿ ಇಲ್ಲೇ ಇದೆ, ನೋಡಿ, ಒಂದು ಆ ಕಡೆ, ಒಂದು ಈ ಕಡೆ. ಎಷ್ಟು ಸಲ ಹೇಳಿದ್ರೂ ಜೋಡಿ ಇಡ್ತಿರಲಿಲ್ಲ. ಫೋನನ್ನ ಸ್ಪೀಕರಿಗೆ ಹಾಕಿ ಕಾರಿನ ಬ್ಯಾಟರಿ ಮೇಲೆ ಇಡ್ತೀನಿ. ಕೇಳಿಸುತ್ತಾ? ಸ್ಪ್ಯಾನರ್ ತೆಗೆಯೋಕೆ ಮುಂಚೆ ಅವರು ಬಾಕಿ ಬಿಟ್ಟ ಸುತ್ತು ನಾನೇ ತಿರುಗಿಸಿ ಮುಗಿಸ್ತೀನಿ.

... ನನಗೆ ಬರುತ್ತೆ, ಮೇಷ್ಟ್ರೇ. ಹೆದರಬೇಡಿ, ನಿಮ್ಮ ಕಾರು ಕೆಡಿಸಲ್ಲ. ಟಾರ್ಚು ಹಿಡಿಯೋ ಕೆಲಸ ಯಾವಾಗ್ಲೂ ನಂದೇ ಇತ್ತು. ಇವರಿಗೆ ಹತ್ತಿರದ್ದು ಸರಿಯಾಗಿ ಕಾಣ್ತಿರಲಿಲ್ಲ, ಕನ್ನಡಕ ಹಾಕ್ಕೊಳ್ಳೋಕೆ ಜಂಬ. ನನ್ನ ನೇಲ್ ಪಾಲಿಶ್ ಕದ್ಕೊಂಡು ಹೋಗಿ ಗುರುತಿನ ಮೇಲೆಲ್ಲಾ ಕೆಂಪು ಚುಕ್ಕೆ ಇಡೋರು. ಮೇಲಿನ ಚಕ್ರಕ್ಕೊಂದು, ಅದರ ಎದುರು ಒಂದು. ಕೆಳಗಿನ ಚಕ್ರಕ್ಕೂ ಹಾಗೇ. "ಏ, ಎದುರು ಬಂತಾ ನೋಡೇ" ಅನ್ನೋರು. "ಬಂತು ಕಣ್ರೀ" ಅಂದ ಮೇಲೇನೇ ಮುಂದಿನ ಕೆಲಸ.

... ಸ್ಪ್ಯಾನರ್ ಹಿಡ್ಕೊಂಡೆ. ತಣ್ಣಗಿದೆ... ಏನಿಲ್ಲ, ಇರಿ ಒಂದ್ನಿಮಿಷ... ಅವರು ಹಿಡಿದ ಕಡೇನೇ ಹಿಡ್ಕೊಂಡಿದೀನಿ.

... ಹಾಂ, ತಿರುಗ್ತಿದೆ. ಪ್ಲಗ್ಗು ಬಿಚ್ಚಿಟ್ಟಿದಾರೆ, ಅದಕ್ಕೇ ಹಗುರ. ಎಲ್ಲೂ ತಡೀತಿಲ್ಲ... ಒಂದು ಸುತ್ತು ಆಯ್ತು... ಸ್ಪ್ಯಾನರ್ ತೆಗೆದು ಮತ್ತೆ ಕೊಟ್ಟೆ... ಬರ್ತಾ ಇದೆ. ಕೆಳಗಿನ ಚುಕ್ಕೆ ಸರಿಯಾಗಿ ಎದುರು ಬಂತು, ಮೇಷ್ಟ್ರೇ. ಇನ್ನು ಮೇಲಿಂದು...

... ಇರಿ.

... ಇಲ್ಲ, ಮಾತಾಡಬೇಡಿ, ಸ್ವಲ್ಪ ಇರಿ. ಇನ್ನೊಂದು ಸಲ ಪೂರ್ತಿ ತಿರುಗಿಸ್ತೀನಿ.

... ಬರ್ತಿಲ್ಲ. ಕೆಳಗಿಂದು ಬರುತ್ತೆ, ಮೇಲಿಂದು ಎದುರು ಬರ್ತಿಲ್ಲ. ಎರಡು ಹಲ್ಲು ಆಚೆ ನಿಂತಿದೆ. ಬೆಲ್ಟು ಎರಡು ಹಲ್ಲು ತಪ್ಪಿ ಕೂತಿದೆ, ಮೇಷ್ಟ್ರೇ.

... ನಾನು ತಿರುಗಿಸಿದ್ದಕ್ಕಲ್ಲ! ತಿರುಗಿಸಿದ್ರೆ ಹಲ್ಲು ಹಾರಲ್ಲ, ಬೆಲ್ಟು ಬಿಗಿಯಾಗೇ ಇದೆ. ಹಾಕೋವಾಗಲೇ ತಪ್ಪಿದೆ. ಇವರಿಗೆ... ಇವರಿಗೆ ತಪ್ಪಿದೆ. ಕಣ್ಣು ಮುಚ್ಚಿ ಹಾಕ್ತಿದ್ದ ಮನುಷ್ಯ, ಇಷ್ಟು ವರ್ಷದಲ್ಲಿ ಒಂದು ಹಲ್ಲೂ ತಪ್ಪಿದ್ದಿಲ್ಲ.

... ಅಲ್ಲಾ, ನಿಮಗೆ ಅರ್ಥ ಆಗ್ತಿಲ್ವಾ? ಬೆಲ್ಟು ಹಾಕೋವಾಗಲೇ ಅವರಿಗೆ ನೋವು ಶುರುವಾಗಿತ್ತು! ಎದೆ ಹಿಡ್ಕೊಂಡೇ ಹಾಕಿದಾರೆ ಇದನ್ನ. ಡಾಕ್ಟ್ರು ನನಗೆ ಏನಂದ್ರು ಗೊತ್ತಾ, "ಹಾರ್ಟ್ ಅಟ್ಯಾಕು, ತಕ್ಷಣ ಆಗಿರುತ್ತೆ, ಅವರಿಗೆ ಗೊತ್ತೇ ಆಗಿರಲ್ಲ" ಅಂದ್ರು. ಆ ಒಂದು ಮಾತಿನ ಮೇಲೆ ಇಷ್ಟು ದಿನ ಜೀವ ಹಿಡ್ಕೊಂಡಿದ್ದೆ. ಗೊತ್ತಾಗಿತ್ತು ಅವರಿಗೆ. ಗೊತ್ತಾಗಿ, ತುಟಿ ಪಿಟಿಕ್ ಅನ್ನದೆ ಇಲ್ಲಿ ನಿಂತು ಬೆಲ್ಟು ಏರಿಸಿದಾರೆ. ನಾನು ಪಕ್ಕದ ಅಡುಗೆಮನೇಲೇ ಇದ್ದೆ, ಮೇಷ್ಟ್ರೇ. ಗೋಡೆ ತಟ್ಟಿದ್ರೆ ಸಾಕಿತ್ತು. ಟಾರ್ಚು ಹಿಡಿಯೋಕಾದ್ರೂ ಕರೀಬಹುದಿತ್ತಲ್ಲ? ಒಂದು ಸಲ "ಏ" ಅನ್ನಬಹುದಿತ್ತಲ್ಲ?

... ಹೂಂ... ಹೂಂ.

... ಹಾಂ, ಅದು ನಿಜ, ಸ್ಪ್ಯಾನರ್ ಕೊಟ್ಟಿದ್ರು. ತಿರುಗಿಸಿ ನೋಡ್ತಿದ್ರು. ಇನ್ನೊಂದು ಸುತ್ತು ಆಗಿದ್ದಿದ್ರೆ ಅವರಿಗೇ ಕಾಣ್ತಿತ್ತು. ಬಿಚ್ಚಿ ಸರಿ ಮಾಡೋರು. ಇನ್ನೊಂದು ಸುತ್ತಿಗೆ ಆ ದೇವರು ಪುರುಸೊತ್ತು ಕೊಡಲಿಲ್ಲ.

... ಗುಂಗುರು ಸರಿ ಮಾಡ್ತಾನೆ, ಯಾಕೆ ಮಾಡಲ್ಲ? ಅರ್ಧ ದಿನದ ಕೆಲಸಾನೂ ಅಲ್ಲ. ಆದ್ರೆ ಮೊದಲು ನೋಡ್ತಾನಲ್ಲ! ನೋಡಿದ ತಕ್ಷಣ ಫೋನು ಹೊರಗೆ ಬರುತ್ತೆ. ಆಡಿಕೊಳ್ಳೋರ ಮುಂದೆ ಎಡವಿ ಬಿದ್ದ ಹಾಗೆ, ಅದೂ ಎದ್ದು ನಿಂತು ಉತ್ತರ ಕೊಡೋಕೆ ಮನುಷ್ಯನೇ ಇಲ್ಲ. "ಎರಡು ಹಲ್ಲು ತಪ್ಪಿಸಿ ಹೋಗಿದಾನೆ ನೋಡ್ರೋ" ಅಂತಾನೆ. ಇಷ್ಟು ವರ್ಷದ ಕೆಲಸ ಎಲ್ಲಾ ಹೋಗಿ, ಆ ಫೋಟೋ ಒಂದು ಉಳಿಯುತ್ತೆ.

... ನೀವು ಹೇಳಬೇಡ ಅಂದ್ರೆ ಅವನು ಸುಮ್ನಿರ್ತಾನಾ? ಇಲ್ಲ, ಇಲ್ಲ. ಬೇರೆ ದಾರಿ ಇದೆ.

... ಬಿಚ್ತೀನಿ. ನಾನೇ ಬಿಚ್ಚಿಬಿಡ್ತೀನಿ. ಬೆಲ್ಟನ್ನ ಬಿಗಿ ಮಾಡೋ ಸಣ್ಣ ಚಕ್ರ ಇದೆ ಇಲ್ಲಿ, ಅದರ ಬೋಲ್ಟು ಸಡಿಲ ಮಾಡಿದ್ರೆ ಆಯ್ತು, ಬೆಲ್ಟು ಕೈಗೇ ಬರುತ್ತೆ. ನಿಮ್ಮ ಕಾರಿನ ಮುಂದಿನ ಸೀಟಲ್ಲಿ ಇಡ್ತೀನಿ, ಅದರ ಕವರಲ್ಲೇ ಹಾಕಿ. ನಾಳೆ ಗುಂಗುರಿಗೆ ಏನು ಹೇಳ್ತೀರಿ ಅಂದ್ರೆ, ಬೆಲ್ಟು ಇನ್ನೂ ಹಾಕಿರಲಿಲ್ಲ. ಹಾಕೋಕೆ ಮುಂಚೆನೇ ಅವರು ಹೋದ್ರು. ಅಷ್ಟೇ.

... ಗೊತ್ತು, ಮೇಷ್ಟ್ರಾಗಿ ನೀವು ಸುಳ್ಳು ಹೇಳಬಾರದು. ಈ ವಯಸ್ಸಲ್ಲಿ ನಿಮ್ಮ ಕೈಲಿ ಸುಳ್ಳು ಹೇಳಿಸ್ತಿದೀನಿ. ನನಗೋಸ್ಕರ ಬೇಡ, ಅವರಿಗೋಸ್ಕರ ಒಂದೇ ಒಂದು ಹೇಳಿ.

... ಹಾಂ, ಆ ಬೋಲ್ಟಿಗೆ ಸಣ್ಣ ಸ್ಪ್ಯಾನರ್ ಕೊಟ್ಟೆ. ಬಿಗಿಯಾಗಿದೆ... ಅಬ್ಬಾ, ಎಷ್ಟು ಬಿಗಿದಿದಾರೆ ನೋಡಿ! ಆ ನೋವಲ್ಲೂ ಎಷ್ಟು ಬಿಗಿದಿದಾರೆ... ಬರ್ತಿಲ್ಲ... ಬಿಡಿ ರೀ, ಸಾಕು, ಬಿಟ್ಟುಬಿಡಿ... ಅಯ್ಯೋ, ನಿಮಗಲ್ಲ ಹೇಳಿದ್ದು, ಮೇಷ್ಟ್ರೇ. ಅವರಿಗೆ ಅಂದೆ.

... ಸಡಿಲ ಆಯ್ತು. ಬೆಲ್ಟು ಜೋತುಬಿತ್ತು. ಬಂತು... ಕೈಗೆ ಬಂತು.

... ಇಲ್ಲ, ಅಳ್ತಿಲ್ಲ. ಅಳ್ತಿದೀನಿ, ಹೌದು, ಏನೀಗ? ಅವರು ಕೊನೇದಾಗಿ ಮಾಡಿದ್ದು ಇದೊಂದು. ಅದನ್ನೂ ನನ್ನ ಕೈಯಾರೆ ಬಿಚ್ಚಿದೆ.

... ಸರಿ, ಅದಿರಲಿ. ನಾಳೆ ಅವನು ಕೇಳಿದ್ರೆ ಏನು ಹೇಳ್ತೀರಿ? ಒಂದು ಸಲ ಹೇಳಿ, ನಾನು ಕೇಳಿಸ್ಕೋತೀನಿ.

... ಹಾಂ. ಹಾಂ, ಹಾಗೇ. ಇನ್ನೂ ಹಾಕಿರಲಿಲ್ಲ... ಅಲ್ವಾ? ಯಾರು ಕೇಳಿದ್ರೂ ನಂಬ್ತಾರೆ, ಅಲ್ವಾ?

... ಇನ್ನೊಂದು ಸಲ ಹೇಳಿ, ಮೇಷ್ಟ್ರೇ... ಮೇಷ್ಟ್ರೇ?... ಹಲೋ?... ಲೈನು ಹೋಯ್ತಾ?... ಇನ್ನೊಂದು ಸಲ ಹೇಳಿ... ಹಲೋ...